ತೊಳೆದುಕೊಂಡು ಬಂದ ಕಾಲು

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರರು ಹಿತ್ತಲ ಕಟ್ಟೆಯ ಮೇಲೆ ಕೂತು ಎರಡೂ ಪಾದಗಳನ್ನು ಬಿಸಿನೀರಿನ ಟಬ್ಬಿನಲ್ಲಿ ಇಳಿಬಿಟ್ಟಿದ್ದರು. ಪಕ್ಕದಲ್ಲಿ ಹಿಮ್ಮಡಿ ಉಜ್ಜುವ ಕಲ್ಲು, ನೇಲ್‌ಕಟರ್, ಒಂದು ಮುಲಾಮಿನ ಡಬ್ಬಿ. ಗುರುವಾರ ಸಂಜೆ ಚರ್ಚಿನಲ್ಲಿ ಅವರ ಕಾಲು ತೊಳೆಯುವವರಿದ್ದರು. ಅದಕ್ಕಾಗಿ ನಾಲ್ಕು ದಿನ ಮುಂಚಿನಿಂದಲೇ ಅವರು ಕಾಲು ತೊಳೆದುಕೊಳ್ಳುತ್ತಿದ್ದರು.

ಇದು ಅವರೊಬ್ಬರ ಹುಚ್ಚಲ್ಲ. ಯೇಸು ಸಾಯುವ ಹಿಂದಿನ ಸಂಜೆ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಆ ಚರ್ಚಿನ ಸಭೆಯ ಪಾಸ್ಟರು ವರ್ಷಕ್ಕೊಮ್ಮೆ ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು. ಒಂದೇ ಬೋಗುಣಿ, ಒಂದೇ ಟವೆಲು, ಹನ್ನೆರಡು ಕುರ್ಚಿ. ಕೊಳೆ ಕಾಲಿಟ್ಟುಕೊಂಡು ಮಾತ್ರ ಅಲ್ಲಿಗೆ ಯಾರೂ ಬಂದದ್ದಿಲ್ಲ. ಹನ್ನೆರಡು ಜೊತೆ ಕಾಲೂ ಮದುವೆಗೆ ಹೊರಟ ಹಾಗೆ ಸಿಂಗರಿಸಿಕೊಂಡು ಬರುತ್ತಿದ್ದವು. ಪಾಸ್ಟರು ಬಗ್ಗಿ ಬಗ್ಗಿ ತೊಳೆದರೂ ನೀರು ಹಾಕಿದಷ್ಟೇ ತಿಳಿಯಾಗಿರುತ್ತಿತ್ತು. ಅದನ್ನು ಕಂಡು ಜನ ಕಣ್ಣೀರನ್ನೂ ಒರೆಸಿಕೊಳ್ಳುತ್ತಿದ್ದರು.

ಮೊದಲ ಕುರ್ಚಿ ಹತ್ತೊಂಬತ್ತು ವರ್ಷಗಳಿಂದ ಹೆಡ್‌ಮಾಸ್ಟರರದು. ಶಾಲೆಯ ಕುರ್ಚಿ ಹೋಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳು ನಮಸ್ಕಾರ ಹೇಳುವುದನ್ನು ಬಿಟ್ಟಿದ್ದರು. ಉಳಿದದ್ದು ಇದೊಂದೇ ಕುರ್ಚಿ. "ಉಜ್ಜಿದ್ದು ಸಾಕು ರೀ, ಮೂಳೆ ಕಾಣುತ್ತೆ" ಎಂದು ಹೆಂಡತಿ ಬಟ್ಟೆ ಒಣಹಾಕುತ್ತಾ ಹೇಳುವ ಹೊತ್ತಿಗೆ ಸಭೆಯ ಕಾರ್ಯದರ್ಶಿಯ ಫೋನು ಬಂತು. ಹೆಡ್‌ಮಾಸ್ಟರರು ಕಾಲು ನೀರಿನಲ್ಲಿಟ್ಟುಕೊಂಡೇ ಕೇಳಿದರು. ಹೊಸ ಪಾಸ್ಟರಮ್ಮ ಈ ಸಲ ಹನ್ನೆರಡನೆಯ ಕುರ್ಚಿಗೆ ಸುಣ್ಣದವನ ಹೆಸರು ಬರೆದಿದ್ದರು. ಅದೂ ಸಾಲದೆಂಬಂತೆ, ತೊಳೆಯುವುದನ್ನು ಆ ಕೊನೆಯ ಕುರ್ಚಿಯಿಂದ ಶುರುಮಾಡುತ್ತಾರಂತೆ.

ಸುಣ್ಣದವನು ಎಂದರೆ ಚರ್ಮ ಹದ ಮಾಡುವ ಕಾರ್ಖಾನೆಯ ಕೆಲಸಗಾರ. ಹಸಿ ತೊಗಲಿನ ಕೂದಲು ಸಡಿಲವಾಗಲೆಂದು ಅದನ್ನು ನೆನೆಹಾಕುವ ಸುಣ್ಣದ ಗುಂಡಿಯಲ್ಲಿ ಇಪ್ಪತ್ತು ವರ್ಷ ನಿಂತು ಅವನ ಪಾದಗಳು ಬೆಂದು ಬಿರಿದಿದ್ದವು. ಹೋದ ವರ್ಷ ಅವನೂ ಹೆಂಡತಿಯೂ ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದ್ದರು. ಇಬ್ಬರೂ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು, ಅವರ ಮುಂದಿನ ಎರಡು ಬೆಂಚು ಯಾವಾಗಲೂ ಖಾಲಿ. ಹಾಗೆ ಬಿಡಬೇಕೆಂದು ಯಾರೂ ಯಾರಿಗೂ ಹೇಳಿರಲಿಲ್ಲ. ಇಂಥದ್ದನ್ನೆಲ್ಲ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಯೂ ಇಲ್ಲ.

ಅರ್ಧ ಗಂಟೆಯಲ್ಲಿ ಹೆಡ್‌ಮಾಸ್ಟರರು ಪಾಸ್ಟರಮ್ಮನ ಆಫೀಸಿನಲ್ಲಿ ಕೆಂಡಾಮಂಡಲವಾಗಿ ಕೂತಿದ್ದರು. ತಮಗೆ ಯಾರ ಮೇಲೂ ದ್ವೇಷವಿಲ್ಲ, ಆದರೆ ಅಂಟುರೋಗದ ವಿಷಯ, ವಯಸ್ಸಾದವರಿದ್ದಾರೆ ಎಂದರು. ಅದು ರೋಗವಲ್ಲ, ಸುಣ್ಣ ಸುಟ್ಟ ಗಾಯ, ಈಗ ಮಾಗಿದೆ, ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಪಾಸ್ಟರಮ್ಮ ತಿಳಿಸಿದರು. ಹಾಗಾದರೆ ಅವನಾದ ಮೇಲೆ ನೀರು ಬದಲಾಯಿಸಿ ಎಂದರು ಇವರು. ಹತ್ತೊಂಬತ್ತು ವರ್ಷ ನಿಮ್ಮ ಕಾಲಾದ ಮೇಲೆ ಬದಲಾಯಿಸದ ನೀರನ್ನು ಅವನ ಕಾಲಾದ ಮೇಲೆ ಯಾಕೆ ಬದಲಾಯಿಸಲಿ ಎಂದು ಆಕೆ ಕೇಳಿದರು. ತಮ್ಮ ಮಗಳ ವಯಸ್ಸಿನವಳು ಹೀಗೆ ಎದುರುತ್ತರ ಕೊಡುವುದನ್ನು ಅವರು ಸಹಿಸಲಿಲ್ಲ.

"ಈ ಸಭೆಗೆ ಹತ್ತೊಂಬತ್ತು ವರ್ಷ ಕತ್ತೆ ಹಾಗೆ ದುಡಿದಿದ್ದೀನಮ್ಮ. ದೇವರ ಮುಂದೆ ನನಗೂ ಒಂದು ಸ್ಥಾನ ಇಲ್ವಾ?"

"ಇದೆ ಸಾರ್. ಅವರಿಗೆ ಎಷ್ಟಿದೆಯೋ ಅಷ್ಟೇ ಇದೆ."

ಅಷ್ಟೇ ಎಂಬ ಒಂದು ಮಾತು ಅವರಿಗೆ ಬೆಂಕಿ ಹಚ್ಚಿತು. ಮೇಲಿನವರಿಗೆ ಬರೆಯುತ್ತೇನೆ, ಹತ್ತು ಮನೆಯವರನ್ನು ಕಟ್ಟಿಕೊಂಡು ಹೊರಗೆ ಹೋಗುತ್ತೇನೆ ಎಂದು ಕೂಗಾಡಿ ಎದ್ದು ಬಂದರು. ಆದರೆ ಬರೆಯಲಿಲ್ಲ. ಅದಕ್ಕಿಂತ ಸುಲಭದ ದಾರಿಯೊಂದು ಅವರಿಗೆ ಹೊಳೆದಿತ್ತು.

ಮರುದಿನ ಅವರು ಎಲ್ಲಿಗೆ, ಯಾಕೆ ಎಂದು ಹೆಂಡತಿಗೆ ಹೇಳಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಾರ್ಖಾನೆಯ ಹಿಂದಿನ ಬೀದಿಗೆ ಹೋದರು. ಸುಣ್ಣದವನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕಾಲಿಟ್ಟು ಮುಲಾಮು ಸವರುತ್ತಿದ್ದ. ದೊಡ್ಡವರನ್ನು ಕಂಡು ಗಡಿಬಿಡಿಯಿಂದ ಎದ್ದ. ಅವನ ಹೆಂಡತಿ ಕುರ್ಚಿ ತಂದಳು, ಅವರು ಕೂರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ಸಭೆ ಒಡೆಯುವ ಸ್ಥಿತಿಗೆ ಬಂದಿದೆ, ಇಷ್ಟು ಜನರ ಮನಸ್ಸು ನೋಯಿಸಿ ಒಂದು ಕುರ್ಚಿಯಲ್ಲಿ ಕೂತು ಏನು ಸಾಧಿಸುತ್ತೀಯ, ನೀನಾಗಿಯೇ ಬರದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದರು. ಅವನು ಜಗಳವಾಡುತ್ತಾನೆ ಎಂದುಕೊಂಡು ಉತ್ತರಗಳನ್ನೂ ಹೊಂದಿಸಿಟ್ಟುಕೊಂಡಿದ್ದರು.

"ಆಯ್ತು ಸಾರ್, ಬರಲ್ಲ" ಎಂದುಬಿಟ್ಟ ಅವನು.

ಹೆಡ್‌ಮಾಸ್ಟರರಿಗೆ ಕಾಲ ಕೆಳಗಿನ ಮೆಟ್ಟಿಲು ತಪ್ಪಿದಂತಾಯಿತು. ಬೇಜಾರಿಲ್ಲ ತಾನೇ ಎಂದು ಕೇಳಿದರು.

"ಬೇಜಾರು ಇಲ್ಲದೆ ಇರುತ್ತಾ ಸಾರ್? ಪಾಸ್ಟರಮ್ಮ ಹೆಸರು ಬರೆದಿದ್ದಾರೆ ಅಂತ ಕೇಳಿ ಎರಡು ದಿನ ನಿದ್ದೆ ಬಂದಿಲ್ಲ ನಂಗೆ. ಆದ್ರೆ ದೇವರು ಈ ಕಾಲು ನೋಡೇ ನನ್ನನ್ನ ಮಗನೇ ಅಂತ ಕರೆದಿದ್ದಾನೆ. ಕುರ್ಚಿ ಮೇಲೆ ಕೂತಿಲ್ಲ ಅಂತ ಅವನೇನು ಮಾತು ವಾಪಸ್ ತಗೊಳ್ಳಲ್ಲ. ಅದು ಇಲ್ದೆ ಇದ್ರೂ ನಂಗೆ ನಡೆಯುತ್ತೆ."

ಅಲ್ಲಿಯವರೆಗೆ ತುಟಿ ಕಚ್ಚಿ ನಿಂತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. ಗಂಡ ಬೇಡವೆಂದು ಕೈಯಾಡಿಸಿದರೂ ಅವಳು ಮುಂದೆ ಬಂದಳು. "ಇವರಿಗೆ ನಡೆಯುತ್ತೆ, ನಂಗೆ ನಡೆಯಲ್ಲ. ಒಂದು ಮಾತು ಕೇಳ್ತೀನಿ ಮೇಷ್ಟ್ರೇ. ನೀವೆಲ್ಲ ಮನೇಲೇ ಸೋಪು ಹಚ್ಚಿ ತೊಳ್ಕೊಂಡು ಬರ್ತೀರಲ್ಲ, ಮತ್ತೆ ಅಲ್ಲಿ ಆ ಯಮ್ಮ ಏನು ತೊಳೀಬೇಕು?"

ಹೆಡ್‌ಮಾಸ್ಟರರು ಕರವಸ್ತ್ರವನ್ನು ಮತ್ತೆ ಮೂಗಿಗೆ ಒತ್ತಿಕೊಂಡು ಹೊರಟರು. ಗೆದ್ದು ಬರುತ್ತಿದ್ದರೂ ಮುಖ ಗಂಟಿಕ್ಕಿತ್ತು. ಎರಡು ರಾತ್ರಿ ಅವರನ್ನು ಕಾಡಿದ್ದು ಆ ಹೆಂಗಸಿನ ಮಾತಲ್ಲ, ಗಂಡಸಿನ ಮಾತು. ತಾವು ಹಲ್ಲು ಕಚ್ಚಿ ಹಿಡಿದುಕೊಂಡಿದ್ದನ್ನು ಅವನು ಎರಡೇ ಮಾತಿನಲ್ಲಿ ಬಿಟ್ಟುಕೊಟ್ಟಿದ್ದ. ಆ ಕುರ್ಚಿ ಇಲ್ಲದಿದ್ದರೆ ನನಗೆ ನಡೆಯುತ್ತದೆಯೇ ಎಂದು ತಮ್ಮನ್ನೇ ಕೇಳಿಕೊಂಡರು, ಉತ್ತರ ಬರುವ ಮೊದಲೇ ಮಗ್ಗುಲು ಬದಲಿಸಿದರು.

ಗುರುವಾರ ಸಂಜೆ ಐದಕ್ಕೆ ಚರ್ಚು ತುಂಬಿತ್ತು. ಹನ್ನೊಂದು ಜನ ಶೂ ಬಿಚ್ಚಿ ಪಕ್ಕದ ಕೋಣೆಯಲ್ಲಿಟ್ಟು, ಬರಿಗಾಲಲ್ಲಿ ಬಂದು ಕೂತರು. ಪಾಸ್ಟರಮ್ಮ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಖಾಲಿ ಕುರ್ಚಿಯ ಮುಂದೆ ಬೋಗುಣಿ ಇಟ್ಟು ನೆಲದ ಮೇಲೆ ಕೂತರು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಕಾರ್ಯದರ್ಶಿ ಬಂದು, ಅವನು ಬರುವ ಹಾಗೆ ಕಾಣುತ್ತಿಲ್ಲ, ಮುಂದಿನವರಿಂದ ಶುರುಮಾಡಿ ಎಂದು ಪಿಸುಗುಟ್ಟಿದ. ಆಕೆ ಏಳಲಿಲ್ಲ.

"ಅವರು ಯಾಕೆ ಬಂದಿಲ್ಲ ಅಂತ ಯಾರಿಗಾದ್ರೂ ಗೊತ್ತಾ?" ಎಂದು ಸಭೆಯನ್ನೇ ಕೇಳಿದರು.

ಹೆಡ್‌ಮಾಸ್ಟರರು ಗೋಡೆಯ ಗಡಿಯಾರ ನೋಡಿದರು. ಆಗ ಹೆಂಗಸರ ಸಾಲಿನಿಂದ ಅವರ ಹೆಂಡತಿಯೇ ಎದ್ದು ನಿಂತರು. ನಲವತ್ತು ವರ್ಷದಲ್ಲಿ ಆಕೆ ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು. "ನಮ್ಮನೆಯವರಿಗೆ ಗೊತ್ತು" ಎಂದು ಹೇಳಿ ಕೂತರು.

ಇಡೀ ಚರ್ಚು ಇವರ ಕಡೆ ತಿರುಗಿತು. ಹೆಡ್‌ಮಾಸ್ಟರರು ಎದ್ದು, ಯಾರ ಮುಖವನ್ನೂ ನೋಡದೆ, ನಡುವಿನ ದಾರಿಯಲ್ಲಿ ದಡದಡ ನಡೆದು ಹೊರಗೆ ಹೋದರು. ಮನೆಗೇ ಹೊರಟಿದ್ದರು. ಹೆಂಡತಿಯನ್ನೂ ಪಾಸ್ಟರಮ್ಮನನ್ನೂ ಮನಸಾರೆ ಬೈಯುತ್ತಿದ್ದರು. ಶೂ ಒಳಗೇ ಉಳಿದದ್ದು ಗೇಟು ದಾಟಿದ ಮೇಲೆ ನೆನಪಾಯಿತು. ಆದರೆ ಅಷ್ಟು ಜನರ ಮುಂದೆ ಮತ್ತೆ ಒಳಗೆ ಹೋಗಲು ಸೊಕ್ಕು ಬಿಡಲಿಲ್ಲ. ನಾಲ್ಕು ದಿನ ಉಜ್ಜಿ ಮೆತ್ತಗಾದ ಅಂಗಾಲಿಗೆ ಜಲ್ಲಿಕಲ್ಲು ಚುಚ್ಚಿತು. ಗ್ಯಾರೇಜಿನ ಮುಂದಿನ ಎಣ್ಣೆ ಮೆತ್ತಿತು, ಅದರ ಮೇಲೆ ಧೂಳು ಕೂತಿತು.

ನಾಲ್ಕು ರಸ್ತೆ ಸೇರುವಲ್ಲಿ ಅವರು ನಿಂತರು. ಬಲಕ್ಕೆ ಹೋದರೆ ಮನೆ. ಮನೆಗೆ ಹೋಗಿ ಯಾರಾಗಿ ಕೂರಬೇಕು ಎಂದು ತಿಳಿಯಲಿಲ್ಲ. ಹೆಡ್‌ಮಾಸ್ಟರ್‌ಗಿರಿ ಎಂದೋ ಮುಗಿದಿತ್ತು, ಮೊದಲ ಕುರ್ಚಿಯವನು ಎನ್ನುವುದೂ ಈಗ ಮುಗಿಯಿತು. ಇದೆರಡನ್ನೂ ತೆಗೆದರೆ ತನ್ನನ್ನು ಮಗನೇ ಎಂದು ಕರೆಯುವವರು ಯಾರಾದರೂ ಇದ್ದಾರೆಯೇ ಎಂದು ಎಪ್ಪತ್ತರ ಹತ್ತಿರ ಬಂದ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಅದು ಗೊತ್ತಿದ್ದವನೊಬ್ಬ ಎಡಗಡೆಯ ಬೀದಿಯಲ್ಲಿದ್ದ. ಅವರಿಗೆ ನಿಜಕ್ಕೂ ಭಯವಾಯಿತು. ಎಡಕ್ಕೆ ತಿರುಗಿದರು.

ಬಾಗಿಲು ತೆರೆದ ಸುಣ್ಣದವನ ಹೆಂಡತಿ ದಾರಿ ಬಿಡಲಿಲ್ಲ. "ಇನ್ನೇನು ಬಿಡಿಸ್ಕೊಂಡು ಹೋಗೋದು ಉಳಿದಿದೆ?"

ಅಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಪಾಸ್ಟರಮ್ಮ ಶುರುಮಾಡುತ್ತಿಲ್ಲ ಎಂದರು ಹೆಡ್‌ಮಾಸ್ಟರರು.

"ಬರಬೇಡ ಅಂದಿದ್ದು ಯಾರು?"

"ನಾನು."

"ಇಲ್ಲಿ ಹೇಳಿದ್ರೆ ಏನು ಬಂತು? ಅದನ್ನ ಅಲ್ಲಿ ಎಲ್ರ ಮುಂದೆ ಹೇಳ್ತೀರಾ?"

ಅವರು ತಲೆಯಾಡಿಸಿದರು. ಅವಳಿಗೆ ನಂಬಿಕೆ ಬರಲಿಲ್ಲ, ಆದರೆ ಕೆಳಗೆ ನೋಡಿದಾಗ ಅವರ ಬರಿಗಾಲು ಕಂಡಿತು. ಎಡಗಾಲಿನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು. ಒಳಗೆ ತಿರುಗಿ ಗಂಡನನ್ನು ಕರೆದಳು, ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಮೂವರೂ ಚರ್ಚಿನೊಳಗೆ ಬಂದಾಗ ಜನ ಇನ್ನೂ ಕೂತಿದ್ದರು. ಅರ್ಧದಷ್ಟು ಮುಖಗಳಲ್ಲಿ ಅಸಹನೆ ಎದ್ದು ಕಾಣುತ್ತಿತ್ತು. ಹೆಡ್‌ಮಾಸ್ಟರರು ಮುಂದೆ ನಿಂತು, ಇವರನ್ನು ಬರಬೇಡ ಎಂದವನು ನಾನು, ತಪ್ಪು ನನ್ನದು ಎಂದರು. ದನಿ ಒರಟಾಗಿತ್ತು, ಬೈದಂತೆಯೇ ಕೇಳಿಸಿತು. ಇಬ್ಬರು ಎದ್ದು ಹೊರಗೆ ನಡೆದರು. ಅವರನ್ನು ಯಾರೂ ತಡೆಯಲಿಲ್ಲ.

ಪಾಸ್ಟರಮ್ಮ ಸುಣ್ಣದವನ ಪಾದವನ್ನು ಬೋಗುಣಿಗೆ ಇಳಿಸಿ, ಬಿರುಕು ಬಿರುಕಿಗೂ ನೀರು ಹೊಯ್ದು ತೊಳೆದರು. ನೀರು ಬೆಳ್ಳಗೆ ಮಬ್ಬಾಯಿತು. ಅವನು ಕಣ್ಣುಮುಚ್ಚಿಕೊಂಡಿದ್ದ. ಆಮೇಲೆ ಒಂದೊಂದೇ ಕುರ್ಚಿ ದಾಟಿಕೊಂಡು ಬೋಗುಣಿ ಹೆಡ್‌ಮಾಸ್ಟರರ ಮುಂದೆ ಬಂತು. ತಮ್ಮ ಕಾಲು ನೋಡಿಕೊಂಡು ಅವರಿಗೆ ನಾಚಿಕೆಯಾಯಿತು, ಕುರ್ಚಿಯ ಕೆಳಗೆ ಎಳೆದುಕೊಂಡರು. ಪಾಸ್ಟರಮ್ಮ ಕೈ ಚಾಚಿದರು. ಸ್ವಲ್ಪ ಹೊತ್ತಿನ ಮೇಲೆ ಆ ಕಾಲು ತಾನಾಗಿ ಮುಂದೆ ಬಂತು.

ಎಣ್ಣೆ, ಮಣ್ಣು, ರಕ್ತ ಎಲ್ಲ ಕಲೆತು ನೀರು ಕಪ್ಪಾಯಿತು. ಪಾಸ್ಟರಮ್ಮ ತೊಳೆದು ಮುಗಿಯಿತೆಂದು ಟವೆಲಿಗೆ ಕೈಹಾಕಿದರು. ಹೆಡ್‌ಮಾಸ್ಟರರು ಮುಂದೆ ಬಾಗಿ, ಆಕೆಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಇನ್ನೂ ಇದೆಯಮ್ಮ. ಬೆರಳ ಸಂದಿಯಲ್ಲಿ."