ಕೆಪಾಸಿಟರ್ ಮೇಲಿನ ಕನ್ನಡಕ

ನಮ್ಮ ಪರೀಕ್ಷೆಯ ಹಾಲ್‌ನಲ್ಲಿ ಒಂದು ಕಟ್ಟುಪಾಡಿದೆ. ಆಮೇಲೆ ಬಿಚ್ಚಬೇಕಾದ ಯಾವ ತಂತಿ ಜೋಡಿಸಿದರೂ, ಜೋಡಿಸಿದವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅಲ್ಲೇ ತೂಗುಹಾಕಬೇಕು. ಬಿಲ್ಲೆಗಳೆಲ್ಲ ಬಾಗಿಲ ಪಕ್ಕದ ಹಲಗೆಗೆ ಮರಳಿದ ಮೇಲೆಯೇ ಕರೆಂಟ್. ನಮ್ಮ ದೊಡ್ಡಮ್ಮ ತಮ್ಮ ಬಿಲ್ಲೆ ಕಳೆದುಕೊಂಡು ಯಾವ ಕಾಲವಾಯಿತೋ! ಕೈಗೆ ಸಿಕ್ಕಿದ್ದನ್ನು ತೂಗುಹಾಕುತ್ತಾರೆ: ಕರ್ಚೀಫು, ಛತ್ರಿ, ಒಮ್ಮೆ ಎಡಗಾಲಿನ ಚಪ್ಪಲಿ. ಹಲಗೆಯಲ್ಲಿ ಅವರ ಮೊಳೆ ಸದಾ ಖಾಲಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೊಡ್ಡಮ್ಮ ಇಲ್ಲಿ ಎಂಜಿನಿಯರ್, ನಾನು ಬಾಯಿ ಬಿಡದೆ ಬೋಲ್ಟ್ ಬಿಗಿಯುವವಳು; ನನ್ನ ದನಿ ಈ ಹಾಲ್‌ನಲ್ಲಿ ಯಾರೂ ಕೇಳಿದ್ದಿಲ್ಲ. ಅಂದು ಅವರ ಹೊಸ ಜನರೇಟರ್ ಬ್ರೇಕರ್‌ಗೆ ಕಡೆಯ ಅವಕಾಶ. ಹಿಂದಿನ ಸಲ ಅದು ಶಾರ್ಟ್ ಸರ್ಕ್ಯೂಟಿನ ಕರೆಂಟನ್ನು ಕಡಿದೇನೋ ಕಡಿದಿತ್ತು. ಆದರೆ ಕಡಿದ ಕೂಡಲೇ ವೋಲ್ಟೇಜ್ ರೊಯ್ಯನೆ ಏರಿ ಬಂದು, ತೆರೆದ ಬಾಯಿಯ ನಡುವೆ ಮತ್ತೆ ಕಿಡಿ ಹೊತ್ತಿಸಿತ್ತು. ಈ ಸಲವೂ ಹಾಗಾದರೆ ಕೆಲಸ ಪಕ್ಕದ ತಂಡದ ಎಂಜಿನಿಯರ್, ನಾವೆಲ್ಲ ‘ಮೀಸೆ’ ಎಂದು ಕರೆಯುವವನ ಪಾಲು.

“ಜಗಳ ನಿಲ್ಲಿಸೋದು ಸುಲಭ ಕಣೇ,” ಎನ್ನುತ್ತಿದ್ದರು ದೊಡ್ಡಮ್ಮ. “ನಿಂತ ತಕ್ಷಣ ನಿನ್ನ ದೊಡ್ಡಪ್ಪ ಇನ್ನೊಂದು ಮಾತು ಸೇರಿಸ್ತಾರಲ್ಲ, ಅದನ್ನ ತಡ್ಕೊಳ್ಳೋದು ಕಷ್ಟ.”

ಕರೆಂಟ್ ಹಾಕಿದರು. ಧಡ್ ಎಂದಿತು. ಪರದೆಯ ಮೇಲೆ ವೋಲ್ಟೇಜಿನ ಗೆರೆ ಮೆಲ್ಲಗೆ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಏರಿತು. ಕಿಡಿಯಿಲ್ಲ. ಎಲ್ಲರೂ ಕುಣಿದರು. ಮೀಸೆ ಕೂಡ ಒಲ್ಲದ ಮನಸ್ಸಿನಿಂದ ಚಪ್ಪಾಳೆ ತಟ್ಟಿದ.

“ನನ್ನ ಕನ್ನಡಕ ಎಲ್ಲೇ?” ದೊಡ್ಡಮ್ಮ ತಲೆ ತಡವಿಕೊಂಡರು.

ಕಿಟಕಿಯ ದಪ್ಪ ಗಾಜಿನಾಚೆ ನೋಡಿದೆ.  ಮಾತಾಡುವ ಬದಲು ಅವರ ತೋಳು ಜಗ್ಗಿ ಬೆರಳು ತೋರಿಸಿದೆ.

“ಏನದು, ಗೂಬೆ ಥರ ಪಿಳಿಪಿಳಿ ಅಂತಿರೋದು?”

“ನಿಮ್ಮ ಕನ್ನಡಕ,” ಎಂದು ಪಿಸುಗುಟ್ಟಿದೆ.

ಅದು ತೂಗುತ್ತಿದ್ದದ್ದು ಕೆಪಾಸಿಟರ್ ಮೇಲೆ. ಮೀಟರ್ ಸರಿನೋಡಲು ಅಂದು ಬೆಳಿಗ್ಗೆ ದೊಡ್ಡಮ್ಮನೇ ಅದನ್ನು ಜೋಡಿಸಿ, ಬಿಚ್ಚಲು ಮರೆತಿದ್ದರು. ಅದು ಇದ್ದರೆ ವೋಲ್ಟೇಜ್ ನಿಧಾನವಾಗಿ ಏರುತ್ತದೆ. ಎಂಥ ಹಳೇ ಬ್ರೇಕರ್ ಆದರೂ ಪಾಸಾದೀತು.

ದೊಡ್ಡಮ್ಮನ ನಗು ಅರ್ಧಕ್ಕೇ ನಿಂತಿತು. “ಬೇರೆ ಯಾರಾದ್ರೂ ನೋಡಿದ್ರಾ?”

ಇಲ್ಲವೆಂದು ತಲೆಯಾಡಿಸಿದೆ. ಅವರು ಕುಣಿಯುತ್ತಿದ್ದವರನ್ನು ನೋಡಿದರು, ಬ್ರೇಕರನ್ನು ನೋಡಿದರು, ಆಮೇಲೆ ಒಮ್ಮೆಲೇ ಕೂಗಿದರು:

“ಏ ಮೀಸೆ! ಚಪ್ಪಾಳೆ ವಾಪಸ್ ತಗೊಳ್ಳಪ್ಪ. ಇದು ಪಾಸಲ್ಲ, ನನ್ನ ಪೆದ್ದುತನ. ಮತ್ತೆ ಟೆಸ್ಟ್ ಮಾಡ್ಬೇಕು.”

ಕೆಪಾಸಿಟರ್ ಬಿಚ್ಚಿದರು. ಕನ್ನಡಕ ಮೂಗಿಗೇರಿತು. ಆದರೆ ದೊಡ್ಡಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನನ್ನ ಕೈ ಹಿಡಿದರು.

“ನನ್ ಕೈಲಾಗಲ್ಲ. ನೀನೇ ನೋಡಿ ಹೇಳು. ಎಲ್ರಿಗೂ ಕೇಳೋ ಹಾಗೆ.”

ಧಡ್! ಈ ಸಲ ಗೆರೆ ನಾಯಿ ಅಟ್ಟಿಸಿಕೊಂಡು ಬಂದ ಬೆಕ್ಕಿನಂತೆ ನೆಟ್ಟಗೆ ಏರಿತು. ತುದಿ ಮುಟ್ಟಿತು, ನಡುಗಿತು, ಅಲ್ಲೇ ಕಚ್ಚಿಕೊಂಡಿತು.

“ತಡ್ಕೊಂಡಿದೆ! ದೊಡ್ಡಮ್ಮಾ, ತಡ್ಕೊಂಡಿದೆ!”

ಹಾಲ್ ತುಂಬ ಮೊಳಗಿದ ಆ ಗಂಟಲು ನನ್ನದೇ ಎಂದು ತಿಳಿಯಲು ನನಗೇ ಕೊಂಚ ಹೊತ್ತು ಹಿಡಿಯಿತು.

“ಅರೆ, ಇವಳಿಗೆ ಬಾಯಿ ಇದೆಯಾ!” ಎಂದ ಮೀಸೆ. ಈ ಸಲ ಅವನ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು.