ಎರಡು ಬೆರಳು ಬೆಳೆದ ವರ್ಷ

ನಮ್ಮ ಕಾಲೋನಿಯ ಸಭಾಂಗಣದಲ್ಲೊಂದು ಕಂಬವಿದೆ. ದೊಡ್ಡ ರಜೆಯ ಮೊದಲ ದಿನ ಮಕ್ಕಳೆಲ್ಲ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ನಾನು ತಲೆಯ ಮೇಲೆ ರಟ್ಟು ಇಟ್ಟು ಪೆನ್ಸಿಲ್ ಗೆರೆ ಎಳೆಯುತ್ತೇನೆ. ಬಡಗಿಯ ಕೈ ಅಲುಗುವುದಿಲ್ಲವೆಂದು ನಂಬಿ ಮೂವತ್ತೊಂದು ವರ್ಷದಿಂದ ಈ ಕೆಲಸ ನನಗೇ ಬಿಟ್ಟಿದ್ದಾರೆ. ಮೇಲೊಂದು ಕೆಂಪು ಗೆರೆ. ಅದನ್ನು ದಾಟಿದವರು ಊಟದ ಗಂಟೆ ಬಾರಿಸಿ, ಮಕ್ಕಳ ಜಮಖಾನ ಬಿಟ್ಟು ದೊಡ್ಡವರ ಬೆಂಚಿಗೆ ಬರುತ್ತಾರೆ. ಹಾಗೆ ಬಂದವರು ಮತ್ತೆ ಕೆಳಗೆ ಕೂತದ್ದಿಲ್ಲ.

ನನ್ನ ಮೊಮ್ಮಗಳನ್ನು ಸಣಕಲಿಯೆಂದು ಎಲ್ಲರೂ 'ಕಡ್ಡಿ' ಅನ್ನುತ್ತಾರೆ; ಹೋದ ವರ್ಷ ಅವಳಿಗೆ ಕೆಂಪು ಗೆರೆ ಮುಟ್ಟಲು ನಾಲ್ಕು ಬೆರಳು ಸಾಲದಾಯಿತು. ಉದ್ದವಾಗಲೆಂದು ವರ್ಷವಿಡೀ ಬಾಗಿಲ ಚೌಕಟ್ಟಿಗೆ ಜೋತುಬಿದ್ದಳು.

"ತಾತ, ಈ ಸಲ ಗಂಟೆ ನಂದೇ. ನೀನು ಕಿವಿ ಮುಚ್ಕೊಂಡಿರು ಅಷ್ಟೆ."

ಹೂಂ ಅನ್ನುತ್ತಿದ್ದೆ. ಒಳಗೊಳಗೆ, ದೇವರೇ, ಇವಳನ್ನು ಇನ್ನೊಂದೇ ಒಂದು ವರ್ಷ ತಡೆ ಎಂದು ಬೇಡುತ್ತಿದ್ದೆ. ಇವಳಮ್ಮ ಗಂಟೆ ಬಾರಿಸಿದ ಮಾರನೇ ದಿನದಿಂದ ನನ್ನ ಕೈ ಹಿಡಿದು ರಸ್ತೆ ದಾಟಿದವಳಲ್ಲ.

ಈ ಸಲ ಮೊದಲ ಹುಡುಗನೇ ತನ್ನ ಹಳೇ ಗೆರೆಗಿಂತ ಐದು ಬೆರಳು ಮೇಲಿದ್ದ. ಎರಡನೆಯವಳೂ ಹಾಗೇ. ಹತ್ತು ಮಕ್ಕಳಾಗುವಷ್ಟರಲ್ಲಿ ಸಭೆಯೇ ಎದೆಯುಬ್ಬಿಸಿತು.

"ಎಲ್ಲಾ ನಾನು ಕೊಟ್ಟ ಟಾನಿಕ್ಕು ಸ್ವಾಮಿ!" ಎಂದರು ಔಷಧಿ ಅಂಗಡಿಯವರು.

"ಟಾನಿಕ್ಕಂತೆ! ಬೆಳಗಿನ ಕವಾಯತು ಶುರುಮಾಡಿಸಿದ್ದು ಯಾರ್ರೀ?" ಎಂದರು ಕಾಲೋನಿ ಸಮಿತಿಯ ಅಧ್ಯಕ್ಷರು. ಮೂರು ವರ್ಷದಿಂದ ಅಡ್ಡಕ್ಕೆ ಮಾತ್ರ ಬೆಳೆಯುತ್ತಿದ್ದ ಅವರ ಮಗ ಗುಂಡ ಕೆಂಪು ಗೆರೆ ದಾಟಿದ್ದ. ಅಧ್ಯಕ್ಷರ ಕಣ್ಣು ಒದ್ದೆಯಾಯಿತು, ಭಾಷಣ ಉದ್ದವಾಯಿತು.

ಒಟ್ಟು ಏಳು ಮಂದಿ ದಾಟಿದರು. ಏಳನೆಯವಳು ಕಡ್ಡಿ.

ಪ್ರತಿವರ್ಷದಂತೆ ಟೀಚರಜ್ಜಿಯೂ ತಮಾಷೆಗೆಂದು ಕೊನೆಗೆ ನಿಂತರು. ಎಪ್ಪತ್ತೆಂಟರ ಅಜ್ಜಿ ಎರಡು ಬೆರಳು ಬೆಳೆದಿದ್ದರು!

"ನಾನಂತೂ ಟಾನಿಕ್ಕು ಕುಡಿದಿಲ್ಲಪ್ಪ," ಎಂದು ನನ್ನನ್ನೇ ನೋಡಿದರು.

ನನಗೆ ಮೊದಲ ಹುಡುಗನಿಂದಲೇ ಗೊತ್ತಿತ್ತು. ಎರಡು ತಿಂಗಳ ಹಿಂದೆ ಹಳೇ ನೆಲದ ಮೇಲೇ ಹೊಸ ಟೈಲ್ಸ್ ಹಾಕಿಸಿದಾಗ ಸಭಾಂಗಣದ ಬಾಗಿಲು ತೆರೆಯದಾಗಿ, ಅದರ ಬುಡವನ್ನು ಎರಡು ಬೆರಳಗಲ ಕೊಯ್ದವನು ನಾನೇ.

ಬಾಯಿ ಬಿಟ್ಟರೆ ಕಡ್ಡಿಯ ಗಂಟೆ ಹೋಗುತ್ತದೆ. ಬಿಡದಿದ್ದರೆ ನನ್ನ ಕಡ್ಡಿಯೇ ಹೋಗುತ್ತಾಳೆ. ನಾನು ಸತ್ಯವಂತನೆಂದು ಯಾರೂ ತಿಳಿಯಬೇಡಿ, ಆಸೆಬುರುಕ. ಹೇಳಿಬಿಟ್ಟೆ.

"ಮಕ್ಕಳ ಜೊತೆ ನೆಲಾನೂ ಬೆಳೆದಿದೆ ಸ್ವಾಮಿ. ಎರಡು ಬೆರಳು ಅದರದ್ದು."

"ಶುಭದಿನ ಇಂಥಾ ಮಾತಾ? ಪುರಾವೆ ಏನಯ್ಯಾ?" ಎಂದರು ಅಧ್ಯಕ್ಷರು.

ಕಡ್ಡಿ ನನ್ನನ್ನು ದಿಟ್ಟಿಸಿ ನೋಡಿ ಹೊರಗೆ ಓಡಿದಳು. ಅಳಲು ಹೋದಳೆಂದುಕೊಂಡೆ. ಏದುಸಿರು ಬಿಡುತ್ತ ಬಂದಾಗ ಕೈಯಲ್ಲಿ ಬಾಗಿಲಿನಿಂದ ಕೊಯ್ದ ಆ ಪಟ್ಟಿ ಇತ್ತು. ಅವಳ ಓದುವ ಮೇಜು ಅಲುಗಾಡದಿರಲೆಂದು ಕಾಲಿನಡಿ ಕೊಟ್ಟಿದ್ದೆ. ಪಟ್ಟಿಯ ಕೆಳಂಚನ್ನು ಕೆಂಪು ಗೆರೆಗೆ ಕೂಡಿಸಿ ಒತ್ತಿ ಹಿಡಿದು ಕಂಬಕ್ಕೆ ಬೆನ್ನು ಕೊಟ್ಟು ನಿಂತಳು.

"ಈಗ ಅಳೆ ತಾತ."

ಅವಳ ತಲೆ ಪಟ್ಟಿಯ ಮೇಲಂಚಿಗೆ ಅರ್ಧ ಉಗುರು ಕಡಿಮೆ.

ಸಮಿತಿ ಮೂಲೆಯಲ್ಲಿ ಐದು ನಿಮಿಷ ಗುಸುಗುಸು ಮಾಡಿ ನಿರ್ಣಯ ಓದಿತು: ನೆಲ ಕಾಲೋನಿಯದು, ಆದ್ದರಿಂದ ಅದರ ಬೆಳವಣಿಗೆಯೂ ಕಾಲೋನಿಯ ಮಕ್ಕಳಿಗೇ ಸೇರತಕ್ಕದ್ದು; ಏಳೂ ಮಂದಿ ಗಂಟೆ ಬಾರಿಸಲಿ; ಸಭಾಂಗಣದ ಆಸ್ತಿಯಾದ ಮರದ ಪಟ್ಟಿಯನ್ನು ಬಡಗಿ ಕೂಡಲೇ ಹಿಂದಿರುಗಿಸಲಿ.

ಆರು ಮಕ್ಕಳು ಗಂಟೆಯ ಹಗ್ಗಕ್ಕೆ ಮುಗಿಬಿದ್ದರು. ಏಳನೆಯವಳು ಜಮಖಾನದತ್ತ ನಡೆದಳು.

"ಹೋಗೇ, ನೀನೂ ಬಾರಿಸು," ಎಂದೆ.

"ಟೈಲ್ಸ್ ಹತ್ತಿ ಬಾರಿಸೋದು ಗುಂಡಂಗೆ ಸರಿ. ನಂಗೆ ಮುಂದಿನ ವರ್ಷ ಇದೆ."

ಬೇಡಿದ್ದು ಸಿಕ್ಕಿತ್ತು. ಖುಷಿಯಿಂದ ಬಡಿಸಲು ಹೋದೆ. ಚಿಳ್ಳೆಪಿಳ್ಳೆಗಳ ನಡುವೆ ಅವಳ ಉದ್ದ ಕಾಲು ಮಡಚಲಾಗದೆ ಜಮಖಾನದಾಚೆ ಚಾಚಿತ್ತು. ಪಕ್ಕದ ಮಗುವಿನ ಮೂಗು ಒರೆಸುತ್ತಿದ್ದಳು, ಥೇಟ್ ತನ್ನ ಅಮ್ಮನ ಹಾಗೆ.

ಮನೆಗೆ ಹೊರಟಾಗ ರಸ್ತೆಯಂಚಿನಲ್ಲಿ ತಾನಾಗಿ ನನ್ನ ಕೈ ಹಿಡಿದಳು.

"ಗಾಡಿ ಬರ್ತಿದೆ ತಾತ," ಎಂದು ಗದರಿದಳು. "ನಾನು ಹೇಳೋವರೆಗೂ ಹೆಜ್ಜೆ ಇಡಬೇಡ."