ಸಿಂಕಿನ ತೆಳು ಪೊರೆ

ಮನೆಯ ಇತಿಹಾಸದಲ್ಲಿ ಗಂಭೀರವಾಗಿ ದಾಖಲಾಗಬೇಕಾದ ಘಟನೆಯಿದು: ಸೊಸೆ ಆರಿಸಿ ತಂದ ಹೊಸ ಸ್ಟೀಲ್ ಸಿಂಕಿನಲ್ಲಿ ಸಾಸಿವೆ ಗಾತ್ರದ ತುಕ್ಕಿನ ಚುಕ್ಕೆಗಳು ಎದ್ದವು.

"ಸ್ಟೀಲಂತೆ ಸ್ಟೀಲು! ನಾಳೆನೇ ಕಿತ್ತು ಹಾಕಿಸ್ತೀನಿ," ಎಂದರು ಅತ್ತೆ, ಕಬ್ಬಿಣದ ನಾರಿನಿಂದ ಅದನ್ನೇ ಗಸಗಸ ತಿಕ್ಕುತ್ತ.

"ತುಕ್ಕು ಹಿಡಿದಿರೋದು ಸಿಂಕಿಗಲ್ಲ ಅತ್ತೆ, ಅದಕ್ಕೆ ಅಂಟ್ಕೊಂಡಿರೋ ನಿಮ್ಮ ನಾರಿನ ಚೂರುಗಳಿಗೆ. ಸ್ಟೀಲಲ್ಲಿರೋ ಕ್ರೋಮಿಯಂ ಗಾಳಿ ತಾಗಿದ್ರೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತೆ. ಗೀರಿದ್ರೂ ತಾನೇ ಮತ್ತೆ ಕಟ್ಟುತ್ತೆ. ಚೂರು ಕೂತ ಕಡೆ ಗಾಳಿ ಸಿಗದೆ ಆ ಪೊರೆ ಸೋಲುತ್ತೆ, ಅಷ್ಟೇ. ನಿಂಬೆರಸ ಹಚ್ಚಿ ಒರೆಸ್ತೀನಿ. ಹೋಗದಿದ್ರೆ ಕಿತ್ತು ಹಾಕಿಸಿ."

ಸೊಸೆ ಒರೆಸಿದಳು, ಚುಕ್ಕೆಗಳು ಹೋದವು. ಅತ್ತೆ ಬಗ್ಗಿ, ಬೆರಳಾಡಿಸಿ ನೋಡಿದರು.

"ಇಷ್ಟು ತಿಕ್ಕಿಸ್ಕೊಂಡೂ ಚರ್ಮ ಬೆಳೆಸ್ಕೊಳ್ಳುತ್ತಲ್ಲ! ಈ ಮನೇಲಿ ಬಾಳೋಕೆ ಅಂಥದ್ದೇ ಬೇಕು ಬಿಡು."

ನಾರು ಕಸದ ಬುಟ್ಟಿ ಸೇರಿತು. ಸಿಂಕು ಉಳಿಯಿತು.